ಓಡುವ ಕಾರೋ, ಹೊರುವ ಕಾರೋ?



2025ರ ದಸರೆಯಲ್ಲಿ ಬನ್ನಿ ಕೊಡಲು ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಬನ್ನಿ ಕೊಟ್ಟು, ಕಾಲಿಗೆರಗಿ, ಜೇಬಿನಿಂದ ಎರಡು ಕೊಟೇಶನ್ ಚೀಟಿ ತೆಗೆದು ನನ್ನ ಮುಂದಿಟ್ಟ. "ಮಾಮಾ, ಕಾರು ತಗೋಬೇಕಂತ ಮಾಡೀನಿ. ಬ್ಯಾಂಕಿನವರು ಜಾಮೀನು ಕೇಳ್ಯಾರ. ನಿಮ್ಮದೊಂದು ಸಹಿ ಬೇಕಾಗ್ಯದ" ಅಂದ.

ನಾನು 38 ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನು. ಓದಿದ್ದು ಮ್ಯಾಟ್ರಿಕ್. ಆದರೆ ಜಾಮೀನು ಅಂದರೇನು ಎಂಬುದನ್ನು ಕೌಂಟರಿನ ಒಳಗೆ ಕೂತು ಚೆನ್ನಾಗಿ ಓದಿದ್ದೇನೆ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಬೇರೆ ಷರತ್ತು ಬರೆದಿರದಿದ್ದರೆ, ಸಾಲ ಪಡೆದವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವನಿಗೂ ಅಷ್ಟೇ ಹೊಣೆ. ಸಹಿ ಹಾಕುವ ದಿನ ಇಬ್ಬರೂ ಕೂಡಿ ಚಹಾ ಕುಡಿಯುತ್ತಾರೆ. ನೋಟೀಸು ಬಂದ ದಿನ ಜಾಮೀನುದಾರ ಒಬ್ಬನೇ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾನೆ. ನನಗಿರುವುದು ಪಿಂಚಣಿ ಒಂದೇ. ಹಾಗಾಗಿ "ಆಗಲಿ, ಆದರೆ ಮೊದಲು ಯಾವ ಕಾರು, ಯಾಕೆ ಎಂದು ನೋಡೋಣ" ಅಂದೆ. ಆ ನೋಡುವಿಕೆ ಮೂರು ತಿಂಗಳು ನಡೆಯಿತು. ಅದರಲ್ಲಿ ಕಲಿತದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಳಿಯನಿಗೆ ಉದಗೀರದಲ್ಲಿ ಡ್ರಿಪ್ ಪೈಪು, ಫಿಟಿಂಗಿನ ಅಂಗಡಿ. ವಾಸ ದೇವಣಿಯಲ್ಲಿ. ಮನೆಯಲ್ಲಿ ಏಳು ಜನ. ನನ್ನ ಅಕ್ಕನಿಗೆ ಎರಡೂ ಮೊಣಕಾಲು ಸವೆದಿವೆ. ತಿಂಗಳಿಗೆ ಎರಡು ಸಲ ಲಾತೂರಿನ ವೈದ್ಯರ ಕಡೆ ಹೋಗಬೇಕು. "ಅವ್ವನ್ನ ಎಷ್ಟು ದಿನಾ ಜೀಪಿನಾಗ ಒತ್ತಿ ಕೂಡಿಸಬೇಕು, ಮಾಮಾ?" ಎಂಬುದು ಅವನ ಮಾತು. ನ್ಯಾಯವಾದ ಮಾತು. ಆದರೆ ಅವನು ಮೇಲಿಟ್ಟ ಚೀಟಿ ಅವ್ವನಿಗೆ ತಕ್ಕ ಕಾರಿನದಾಗಿರಲಿಲ್ಲ. ಅದು ಹ್ಯುಂಡೈ ಐ20 ಎನ್ ಲೈನ್ ಎಂಬ ಟರ್ಬೋ ಕಾರಿನದು. ಕೆಳಗಿದ್ದದ್ದು ಕಿಯಾ ಕಾರೆನ್ಸ್ ಎಂಬ ಏಳು ಆಸನದ ಗಾಡಿಯದು. ಮೊದಲನೆಯದು ಮನಸ್ಸಿನದು, ಎರಡನೆಯದು ಮನೆಯದು.

ದೇವಣಿಯವರಿಗೆ ಈ ಪೇಚು ಹೊಸದಲ್ಲ. ನಮ್ಮ ಊರಿನ ಹೆಸರು ಹೊತ್ತ ದನದ ತಳಿಯನ್ನೇ ನೋಡಿ. ದೇವಣಿ ಆಕಳು ಒಂದು ಸೂಲಿಗೆ ಸರಾಸರಿ ಸುಮಾರು 850 ಕಿಲೋ ಹಾಲು ಕೊಡುತ್ತದೆ, ಅದರ ಹೋರಿ ಗಳೆಯನ್ನೂ ಗಾಡಿಯನ್ನೂ ಎಳೆಯುತ್ತದೆ. ಮರಾಠಿಯಲ್ಲಿ ಇದನ್ನು ದುಹೇರಿ ತಳಿ ಅನ್ನುತ್ತಾರೆ, ಎರಡೂ ಕೆಲಸಕ್ಕೆ ಬರುವಂಥದ್ದು. ಸೊಲ್ಲಾಪುರ, ಸಾಂಗಲಿ, ವಿಜಯಪುರದ ಕಡೆಯ ಖಿಲಾರಿ ಹಾಗಲ್ಲ. ಅದರ ಹಾಲು ದೇವಣಿಯ ಅರ್ಧಕ್ಕೂ ಕಡಿಮೆ, ಆದರೆ ಓಟಕ್ಕೆ ನಿಂತರೆ ಖಿಲಾರಿಯೇ. ಮಹಾರಾಷ್ಟ್ರದ ಬಂಡಿ ಶರ್ಯತ್ತು 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತು, 2021ರ ಡಿಸೆಂಬರಿನಲ್ಲಿ ಮತ್ತೆ ಶುರುವಾಗಿ, 2023ರ ಮೇ 18ರಂದು ಸಂವಿಧಾನ ಪೀಠದ ಒಪ್ಪಿಗೆ ಪಡೆದ ಮೇಲೆ ಖಿಲಾರಿ ಜೋಡಿಯ ಬೆಲೆ ಎಲ್ಲಿಗೆ ಹೋಯಿತೆಂದು ಸಂತೆಗೆ ಹೋಗುವವರಿಗೆ ಗೊತ್ತು. ಅಳಿಯನ ಮನಸ್ಸು ಖಿಲಾರಿಯ ಮೇಲೆ, ಮನೆಗೆ ಬೇಕಾದದ್ದು ದೇವಣಿ. ನಾನು ಮೊದಲು ಹೀಗೆ ತಿಳಿದುಕೊಂಡಿದ್ದೆ. ಆಮೇಲೆ ನೋಡಿದರೆ ಲೆಕ್ಕ ಅಷ್ಟು ಸರಳವಿರಲಿಲ್ಲ.

ಮೊದಲು ಟರ್ಬೋ ಅಂದರೇನು ನೋಡೋಣ. ಕಮ್ಮಾರನ ತಿದಿ ನೀವು ನೋಡಿದ್ದೀರಿ. ಇದ್ದಲು ಎಷ್ಟೇ ಸುರಿಯಲಿ, ಗಾಳಿ ಊದದಿದ್ದರೆ ಕೆಂಡ ಬಿಳಿಯಾಗುವುದಿಲ್ಲ. ಎಂಜಿನ್ನಿಗೂ ಇದೇ ನಿಯಮ. ಪೆಟ್ರೋಲು ಹೆಚ್ಚು ಉರಿಯಬೇಕಾದರೆ ಗಾಳಿ ಹೆಚ್ಚು ಬೇಕು. ಸಾದಾ ಎಂಜಿನ್ನು ತನ್ನ ಉಸಿರು ತಾನೇ ಎಳೆದುಕೊಳ್ಳುತ್ತದೆ. ಟರ್ಬೋ ಎಂಜಿನ್ನಿನಲ್ಲಿ ಹೊರಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಸಲಾಕೆಯ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಸುಮ್ಮನೆ ಹೋಗುತ್ತಿದ್ದ ಹೊಗೆಯಿಂದ ತಿದಿ ಊದಿಸಿದಂತಾಯಿತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರರು ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಆ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗುತ್ತದೆ. ಅದನ್ನು ಕಾಯುವುದು ಎಂಜಿನ್ ಆಯಿಲ್ಲಿನ ತೆಳುವಾದ ಒಂದು ಪದರ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದರ ಫಲವೇನು? ಐ20 ಎನ್ ಲೈನಿನ ಎಂಜಿನ್ನು 998 ಸಿಸಿ, ಅಂದರೆ ಒಂದು ಲೀಟರಿನ ತಂಬಿಗೆಯಷ್ಟು. ಆದರೂ 120 ಅಶ್ವಶಕ್ತಿ. ಜಗ್ಗುವ ಬಲ, ಅಂದರೆ ಟಾರ್ಕ್, 172. ಅದೂ 1500 ಸುತ್ತಿನಲ್ಲೇ ಸಿಗುತ್ತದೆ. ಹೋಲಿಕೆಗೆ ಮಾರುತಿ ಎರ್ಟಿಗಾದ ಸಾದಾ ಎಂಜಿನ್ನು ನೋಡಿ. ಅದು 1462 ಸಿಸಿ, ಜಗ್ಗುವ ಬಲ 137ರ ಹತ್ತಿರ, ಅದು ಪೂರ್ತಿ ಸಿಗುವುದು 4400 ಸುತ್ತಿಗೆ. ಟ್ರಾಕ್ಟರನ್ನು ದಾಟುವಾಗ ಈ ವ್ಯತ್ಯಾಸ ಕಾಲಿನ ಬೆರಳಿಗೆ ತಿಳಿಯುತ್ತದೆ.

ಇಷ್ಟು ಸಣ್ಣ ಎಂಜಿನ್ನಿಗೆ ತಿದಿ ಕಟ್ಟುವ ಹುಚ್ಚು ನಮ್ಮ ದೇಶದಲ್ಲಿ ಯಾಕೆ ಹಬ್ಬಿತು? ತೆರಿಗೆಯಿಂದ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿದರು. ಸಣ್ಣದು ಅಂದರೆ 4 ಮೀಟರಿನ ಒಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ ಒಳಗೆ. ಅಂದಿನಿಂದ ಕಂಪನಿಗಳು ಕಾರಿನ ಬಾಲ ಕತ್ತರಿಸಿ 4 ಮೀಟರಿಗೆ ಇಳಿಸಿದವು, ಎಂಜಿನ್ನು ಕಿರಿದು ಮಾಡಿ ಟರ್ಬೋ ಕೂಡಿಸಿದವು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಇದೇ ಗೆರೆ ಎಳೆದಿದೆ. ಗೆರೆಯ ಒಳಗಿನ ಕಾರಿಗೆ ಶೇ 18, ಹೊರಗಿನದಕ್ಕೆ ಶೇ 40. ಐ20 ಗೆರೆಯ ಒಳಗೆ. ಕಾರೆನ್ಸ್ 4540 ಮಿಲಿಮೀಟರ್ ಉದ್ದ, ಅದು ಹೊರಗೆ. ಏಳು ಜನರ ಮನೆಗೆ ಹೆಚ್ಚು ತೆರಿಗೆ, ಇಬ್ಬರೇ ತಿರುಗುವ ಓಟದ ಕಾರಿಗೆ ಕಡಿಮೆ! ಇದು ಯಾವ ನ್ಯಾಯವೋ ನನಗೆ ತಿಳಿಯದು. ಇರಲಿ.

ಇನ್ನು ಎಸ್ಟೇಟ್ ಕಾರು. ಈ ಹೆಸರು ಕೇಳಿದರೆ ಕೆಲವರು ಹೊಲಮನೆ ಅಂದುಕೊಳ್ಳುತ್ತಾರೆ. ಸಾದಾ ಕಾರಿನ ಛಾವಣಿಯನ್ನು ಹಿಂದಿನ ತುದಿಯವರೆಗೂ ಎಳೆದು, ಡಿಕ್ಕಿಯನ್ನೂ ಒಳಗಿನ ಕೋಣೆಯನ್ನೂ ಒಂದು ಮಾಡಿ, ಹಿಂದೆ ಮೇಲೆತ್ತುವ ಬಾಗಿಲಿಟ್ಟರೆ ಅದು ಎಸ್ಟೇಟ್. ಅಮೆರಿಕದವರು ಸ್ಟೇಶನ್ ವ್ಯಾಗನ್ ಅಂದರು, ರೈಲು ನಿಲ್ದಾಣದಿಂದ ಜನರನ್ನೂ ಸಾಮಾನನ್ನೂ ತರುವ ಗಾಡಿಯಾದ್ದರಿಂದ. ನಮ್ಮಲ್ಲಿ 1992ರಲ್ಲಿ ಟಾಟಾ ಎಸ್ಟೇಟ್ ಬಂತು. 2004ರಲ್ಲಿ ಇಂಡಿಗೋ ಮರೀನಾ ಬಂತು. ಎರಡೂ ಬಹಳ ಕಾಲ ಬಾಳಲಿಲ್ಲ. "ಆಂಬ್ಯುಲೆನ್ಸ್ ಇದ್ದಂಗ ಕಾಣಸ್ತದ" ಎಂದು ಜನ ಮೂಗು ಮುರಿದದ್ದನ್ನು ನಾನೇ ಕೇಳಿದ್ದೇನೆ. ನಮ್ಮ ರಸ್ತೆಗೆ ಎತ್ತರದ ಗಾಡಿ ಬೇಕಿತ್ತು. 1994ರಲ್ಲಿ ಸುಮೋ ಬಂದದ್ದೇ ಹಳ್ಳಿಯ ಜನ ಅದರ ಕಡೆ ತಿರುಗಿದರು.

ಯುರೋಪಿನಲ್ಲಿ ಕಥೆ ಬೇರೆ. ಅದೇ 1994ರಲ್ಲಿ ವೋಲ್ವೋದವರು ಬ್ರಿಟನ್ನಿನ ಟೂರಿಂಗ್ ಕಾರ್ ರೇಸಿಗೆ ತಮ್ಮ 850 ಎಸ್ಟೇಟನ್ನೇ ಇಳಿಸಿದರು. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ ರೇಸಿನ ಕಣದಲ್ಲಿ! ಅದೇ ವರ್ಷ ಆಡಿಯವರು ಪೋರ್ಷೆಯವರ ಜೊತೆ ಸೇರಿ ಆರ್‌ಎಸ್2 ಎಂಬ ಎಸ್ಟೇಟನ್ನು ಟರ್ಬೋ ಕೂಡಿಸಿ 315 ಅಶ್ವಶಕ್ತಿಯದಾಗಿ ಮಾಡಿದರು. ಹೊರುವ ಗಾಡಿಯೂ ಓಡಬಹುದು ಎಂದು ಅಲ್ಲಿ ಮೂವತ್ತು ವರ್ಷದ ಹಿಂದೆಯೇ ತೋರಿಸಿಯಾಗಿತ್ತು.

ಅಳಿಯ ತಂದ ಎರಡು ಚೀಟಿಗಳಲ್ಲೂ ಇದೇ ಗುಟ್ಟು ಅಡಗಿತ್ತು. ನಾನು ಕನ್ನಡಕ ಏರಿಸಿ ಎರಡನೆಯ ಚೀಟಿ ಓದಿದರೆ, ಆ ಕಾರೆನ್ಸಿಗೂ ಟರ್ಬೋ ಇತ್ತು! 1482 ಸಿಸಿ, 160 ಅಶ್ವಶಕ್ತಿ, ಜಗ್ಗುವ ಬಲ 253. ಓಟದ ಕಾರಿಗಿಂತ ಮನೆಯ ಕಾರಿನ ಕುದುರೆಗಳೇ 40 ಹೆಚ್ಚು. ತೂಕ ಹೆಚ್ಚಿರುವುದರಿಂದ ಕುಣಿತ ಅಷ್ಟಿಲ್ಲ, ನಿಜ. ಅಂದರೆ ಟರ್ಬೋ ಬೇಕೋ ಬೇಡವೋ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಒಳಗೆ ಯಾರು ಕೂಡುತ್ತಾರೆ, ಏನು ಹೇರುತ್ತಾರೆ, ಕಂತು ಎಷ್ಟು, ಈ ಮೂರೇ ಉಳಿದವು.

ಲಾತೂರಿಗೆ ಹೋಗಿ ಎರಡನ್ನೂ ಓಡಿಸಿ ನೋಡಿದೆವು. ಅಕ್ಕನನ್ನೂ ಕರೆದೊಯ್ದಿದ್ದೆವು. ಐ20ರಲ್ಲಿ ಅವಳು ಕೂತಳು, ಏಳಲು ಇಬ್ಬರು ಕೈ ಕೊಡಬೇಕಾಯಿತು. ಆಸನ ಕೆಳಗೆ, ಮೊಣಕಾಲು ಮೇಲೆ. ಎತ್ತರದ ಗಾಡಿಯಲ್ಲಿ ಮುಂದಿನ ಸೀಟಿಗೆ ಸೀದಾ ಸೊಂಟ ಸರಿಸಿ ಕೂತಳು, ಹಾಗೇ ಇಳಿದಳು. ಮುಪ್ಪಿನವರು ಮನೆಯಲ್ಲಿದ್ದರೆ ಕಾರಿನ ಅಂಗಡಿಗೆ ಅವರನ್ನೂ ಕರೆದೊಯ್ಯಿರಿ. ಸೀಟಿನ ಎತ್ತರವನ್ನು ಕೊಟೇಶನ್ನಿನಲ್ಲಿ ಬರೆದಿರುವುದಿಲ್ಲ. ಮೂರನೆಯ ಸಾಲಿನಲ್ಲಿ ನಾನೇ ಕೂತು ನೋಡಿದೆ. ಜೋಳದ ಹಗೇವಿನಲ್ಲಿ ಕೂತಂತಾಯಿತು. ಅದು ಮಕ್ಕಳಿಗೆ ಸರಿ.

ಇಲ್ಲಿ ಒಂದು ಮಾತು ಮುಚ್ಚಿಡುವುದಿಲ್ಲ. ಓಟದ ಕಾರಿನಲ್ಲಿ ಅಳಿಯ ಒಮ್ಮೆ ಪೆಡಲು ಒತ್ತಿದಾಗ ನನ್ನ ಬೆನ್ನು ಸೀಟಿಗೆ ಅಂಟಿತು, ಬಾಯಲ್ಲಿ ನಗು ಬಂತು. 66 ವರ್ಷದವನಿಗೆ! ಬ್ಯಾಂಕಿಗೆ ಸೇರಿದ ಹೊಸದರಲ್ಲಿ ನನಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಮೋಟರ್‌ಸೈಕಲ್ ಕೊಳ್ಳುವ ಆಸೆ ಬಹಳ ಇತ್ತು. ತಂಗಿಯ ಮದುವೆ ಇತ್ತು, ಸ್ಕೂಟರು ಕೊಂಡೆ. ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು ಇಪ್ಪತ್ತು ವರ್ಷ ಸಂತೆ ಮಾಡಿದೆ, ತಪ್ಪಾಯಿತು ಅನ್ನುವುದಿಲ್ಲ. ಆದರೆ ಯೆಜ್ಡಿಯ ಸದ್ದು ಕೇಳಿದರೆ ಇಂದಿಗೂ ತಿರುಗಿ ನೋಡುತ್ತೇನೆ. ಹಾಗಾಗಿ ಹುಡುಗನಿಗೆ ಉಪದೇಶ ಮಾಡಲು ನನಗೆ ನಾಲಿಗೆ ಏಳಲಿಲ್ಲ. ಅದರ ಬದಲು ಒಂದು ನೋಟುಬುಕ್ಕು ಕೊಟ್ಟೆ.

"ಸಂಕ್ರಾಂತಿವರೆಗೆ ಇದರಾಗ ಬರಿ. ದಿನಾ ಎಲ್ಲಿಗೆ ಹೋದಿ, ಯಾರು ಕೂಡಿದ್ರು, ಏನು ಸಾಮಾನು, ಎಷ್ಟು ಕಿಲೋಮೀಟರ್. ಬಾಡಿಗಿ ಗಾಡಿ ಆಗಲಿ, ಜೀಪ್ ಆಗಲಿ, ಬರಿ" ಅಂದೆ.

ಬರೆದ, ಪಾಪ. ದಿನ ತಪ್ಪಿಸದೆ ಬರೆದ. ಸಂಕ್ರಾಂತಿಯ ಎಳ್ಳುಬೆಲ್ಲ ತಿನ್ನುತ್ತ ಕೂಡಿಸಿ ನೋಡಿದೆವು. ಮನೆಯವರೆಲ್ಲ ಕೂಡಿ ಹೋದದ್ದು ಮೂರು ತಿಂಗಳಲ್ಲಿ ನಾಲ್ಕೇ ಸಲ. ಏಳು ಆಸನ ಬೇಕೇ ಬೇಕು ಎಂಬ ನನ್ನ ವಾದ ಅಲ್ಲೇ ಬಿತ್ತು. ನಾಲ್ಕು ಸಲಕ್ಕೆ ಕ್ರೂಸರ್ ಜೀಪು ಬಾಡಿಗೆಗೆ ಸಿಗುತ್ತದೆ. ಆದರೆ ಅವನ ವಾದವೂ ಬಿತ್ತು. ವಾರದ ಆರು ದಿನ ಅವನೊಬ್ಬನೇ ಹೋಗುತ್ತಿದ್ದ, ಆದರೆ ಖಾಲಿ ಹೋಗುತ್ತಿರಲಿಲ್ಲ. ಪೈಪಿನ ಸುರುಳಿ, ಫಿಲ್ಟರು, ಪೆಟ್ಟಿಗೆಗಳು. ಅವಕ್ಕೆ ತಿಂಗಳಿಗೆ ಟೆಂಪೋ ಬಾಡಿಗೆ ಎಷ್ಟೆಂದು ಅವನೇ ಬರೆದಿದ್ದ, ಓದುವಾಗ ಅವನ ಮುಖ ಸಣ್ಣದಾಯಿತು. ಅವನಿಗೆ ಬೇಕಾದದ್ದು ಓಟದ ಕಾರೂ ಅಲ್ಲ, ಏಳು ಆಸನವೂ ಅಲ್ಲ. ಹಿಂದೆ ಉದ್ದನೆಯ ಸಪಾಟು ಜಾಗ, ಮುಂದೆ ಅವ್ವನಿಗೆ ಎತ್ತರದ ಸೀಟು. ನಮ್ಮ ಜನ ಮೂಗು ಮುರಿದು ಕಳಿಸಿದ ಎಸ್ಟೇಟೇ ಅದು! ಅಂಥ ಹೊಸ ಕಾರು ನಮ್ಮಂಥವರ ಬೆಲೆಗೆ ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಏಳು ಆಸನದ ಗಾಡಿಯ ಮೂರನೆಯ ಸಾಲನ್ನು ಮಡಚಿ ಮಲಗಿಸಿದರೆ ಅದು ಎಸ್ಟೇಟೇ ಆಗುತ್ತದೆ. ಎಲ್ಲ ಸಾಲು ಎತ್ತಿದಾಗ ಕಾರೆನ್ಸಿನ ಹಿಂದಿನ ಜಾಗ 216 ಲೀಟರ್, ಐ20ರ 311ಕ್ಕಿಂತ ಕಡಿಮೆ. ಮಡಚಿದಾಗ ಇದರ ಹತ್ತಿರವೂ ಅದು ಬರುವುದಿಲ್ಲ.

ವೇಗದ ಮಾತೂ ಒಂದಿತ್ತು. "ಟರ್ಬೋ ಇದ್ರ ಲಾತೂರಿಗೆ ಲಗೂನ ಮುಟ್ಟಬಹುದು" ಅನ್ನುತ್ತಿದ್ದ. 60 ಕಿಲೋಮೀಟರಿನ ದಾರಿಯನ್ನು ಸರಾಸರಿ 60ರಲ್ಲಿ ಹೋದರೆ ಒಂದು ತಾಸು, 80ರಲ್ಲಿ ಹೋದರೆ 45 ನಿಮಿಷ. ಊರೂರಿಗೆ ಸ್ಪೀಡ್ ಬ್ರೇಕರು, ದನ, ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರಾಲಿ ಕಟ್ಟಿಕೊಂಡು ಹಿಂದೆ ದೀಪವಿಲ್ಲದೆ ಹೋಗುವ ಟ್ರಾಕ್ಟರು. ಇವುಗಳ ನಡುವೆ ಸರಾಸರಿ 80 ಯಾವ ಟರ್ಬೋಗೂ ಬರುವುದಿಲ್ಲ. ಗಂಟೆಗೆ 100ರಲ್ಲಿ ಓಡುವ ಗಾಡಿ ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ಎಮ್ಮೆ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ, ಬ್ರೇಕು ಹಿಡಿದು ನಿಲ್ಲುವ ದೂರ ಇನ್ನೂ ಬಾಕಿ. ವೇಗ ಇಮ್ಮಡಿಯಾದರೆ ಆ ಬಾಕಿ ದೂರ ನಾಲ್ಕು ಪಟ್ಟು. ಟರ್ಬೋ ಉಪಯೋಗಕ್ಕೆ ಬರುವುದು ಅದೇ ಟ್ರಾಕ್ಟರನ್ನು ಸಾಮಾನು ಹೇರಿದ ಗಾಡಿಯಲ್ಲಿ ಬೇಗ ದಾಟಿ ನಮ್ಮ ಬದಿಗೆ ಮರಳುವಾಗ. ಅಲ್ಲಿ ಅದು ನಿಜಕ್ಕೂ ಕಾಪಾಡುತ್ತದೆ.

ಇನ್ನು ನನ್ನ ಕಸುಬಿನ ಭಾಗ. ಅವನ ಕೈಯಲ್ಲಿ 5 ಲಕ್ಷ ಇತ್ತು. ಓಟದ ಕಾರಿಗೆ ಎಲ್ಲ ಸೇರಿ 12 ಲಕ್ಷದ ಚೀಟಿ, ದೊಡ್ಡದಕ್ಕೆ 16 ಲಕ್ಷದ್ದು. ಬಡ್ಡಿ ಶೇ 9. ಶೇ 9ರಲ್ಲಿ ಒಂದು ಲಕ್ಷಕ್ಕೆ ಐದು ವರ್ಷಕ್ಕಾದರೆ ತಿಂಗಳಿಗೆ 2,076 ರೂಪಾಯಿ, ಏಳು ವರ್ಷಕ್ಕಾದರೆ 1,609. ಮಾರುವವರು ನಿಮಗೆ ಏಳು ವರ್ಷದ್ದನ್ನೇ ತೋರಿಸುತ್ತಾರೆ, ಕಂತು ಸಣ್ಣದು ಕಾಣುತ್ತದೆ. 11 ಲಕ್ಷಕ್ಕೆ ಕೂಡಿಸಿ ನೋಡಿ. ಐದು ವರ್ಷಕ್ಕೆ ಕಂತು 22,834, ಒಟ್ಟು ಬಡ್ಡಿ 2 ಲಕ್ಷ 70 ಸಾವಿರ. ಏಳು ವರ್ಷಕ್ಕೆ ಕಂತು 17,698, ಒಟ್ಟು ಬಡ್ಡಿ 3 ಲಕ್ಷ 86 ಸಾವಿರ. ಸಣ್ಣ ಕಂತಿಗಾಗಿ ಒಂದು ಲಕ್ಷ 16 ಸಾವಿರ ಹೆಚ್ಚು. ಮಳೆ ಹೋದ ವರ್ಷ ಡ್ರಿಪ್ಪಿನ ಅಂಗಡಿಯಲ್ಲಿ ಉದ್ರಿ ಬಾಕಿ ಏರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. "22 ಸಾವಿರಕ್ಕ ನಾನು ಸಹಿ ಹಾಕಾಂಗಿಲ್ಲ" ಎಂದು ಸ್ಪಷ್ಟ ಹೇಳಿದೆ. ಭಾವ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಗಡಿಯ ಒಂದು ಆಸೆಯೂ ನಡುವೆ ಬಂತು. ಯಾರೋ ಗೆಳೆಯ, ಭಾಲ್ಕಿಯ ನೆಂಟರ ವಿಳಾಸ ಕೊಟ್ಟು ಕೆಎ 39 ಮಾಡಿಸು ಅಂದನಂತೆ. ಅದು ಲಾಭವೂ ಅಲ್ಲ, ನ್ಯಾಯವೂ ಅಲ್ಲ. ಮಹಾರಾಷ್ಟ್ರದಲ್ಲಿ ಪೆಟ್ರೋಲು ಕಾರಿಗೆ 10ರಿಂದ 20 ಲಕ್ಷದವರೆಗೆ ರಸ್ತೆ ತೆರಿಗೆ ಶೇ 12; ಕರ್ನಾಟಕದಲ್ಲಿ ಅದೇ ಬೆಲೆಗೆ ಶೇ 17, ಮೇಲೆ ಉಪಕರ. ಆ ಕಡೆಯವರು ಎಂಎಚ್ 24 ಮಾಡಿಸಲು ಆಸೆಪಡುವುದು ಇದಕ್ಕೇ. ಆದರೆ ಮೋಟಾರು ವಾಹನ ಕಾಯಿದೆಯ 47ನೇ ಕಲಮಿನ ಪ್ರಕಾರ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟರೆ ಅಲ್ಲಿಯ ನಂಬರು ಮಾಡಿಸಲೇಬೇಕು. ಮನೆ ಯಾವ ಬದಿಗೋ ನಂಬರೂ ಆ ಬದಿಯದೇ ಇರಲಿ.

ಕಡೆಗೆ ಅಳಿಯನೇ ದಾರಿ ಹುಡುಕಿದ. ಲಾತೂರಿನ ವೈದ್ಯರೊಬ್ಬರು 2023ರ ಮಾಡೆಲ್ಲಿನ ಅದೇ ಟರ್ಬೋ ಏಳಾಸನದ ಗಾಡಿ ಮಾರುತ್ತಿದ್ದರು, ಓಟದ ಕಾರಿನ ಬೆಲೆಗೆ, 12 ಲಕ್ಷಕ್ಕೆ. ಹಳೆಯ ಗಾಡಿಗೆ ಬ್ಯಾಂಕಿನ ಬಡ್ಡಿ ಹೆಚ್ಚು, ಶೇ 11 ಬಿತ್ತು. 7 ಲಕ್ಷಕ್ಕೆ ಐದು ವರ್ಷ, ಕಂತು 15,220.

ಹಳೆಯ ಟರ್ಬೋ ಕೊಳ್ಳುವಾಗ ಎಚ್ಚರ ಬೇಕು. ಎಣ್ಣೆಯ ಪದರದ ಮಾತು ಹೇಳಿದೆನಲ್ಲ, ಅದಕ್ಕೇ. ಆಯಿಲ್ಲು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಮೊದಲು ಸವೆಯುವುದು ಆ ಲಕ್ಷ ಸುತ್ತಿನ ಚಕ್ರದ ಬೇರಿಂಗು. ನಮ್ಮ ಜೊತೆ ಒಬ್ಬ ಮಿಸ್ತ್ರಿಯನ್ನು ಕರೆದೊಯ್ದೆವು. ರಾತ್ರಿಯಿಡೀ ನಿಂತ ತಣ್ಣನೆಯ ಎಂಜಿನ್ನನ್ನೇ ಶುರು ಮಾಡಿಸಿದ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ, ಬರಲಿಲ್ಲ. ಪೆಡಲು ಒತ್ತಿದಾಗ ಸೈರನ್ನಿನಂತೆ ಕಿರುಚಿದರೆ ಬೇರಿಂಗು ಸವೆದಿದೆ, ಕಿರುಚಲಿಲ್ಲ. ಸರ್ವೀಸಿನ ಪುಸ್ತಕವನ್ನು ನಾನು ಓದಿದೆ, ತಾರೀಖಿಗೆ ತಾರೀಖು ತಾಳೆ ಹಾಕಿದೆ. ಅದು ನನ್ನ ಹಳೆಯ ಚಟ. ಕೊಂಡ ಮೇಲೆ ನೀವು ಮಾಡಬೇಕಾದ್ದು ಇಷ್ಟೇ. ಮುಂಜಾನೆ ಶುರು ಮಾಡಿದ ಕೂಡಲೇ ಜೋರಾಗಿ ಓಡಿಸಬೇಡಿ. ದೂರ, ಜೋರು ಓಡಿ ಬಂದು ನಿಂತಾಗ ಕೂಡಲೇ ಕೀಲಿ ತಿರುಗಿಸದೆ ಅರ್ಧ ಒಂದು ನಿಮಿಷ ಎಂಜಿನ್ನು ಹಾಗೇ ಬಿಡಿ. ಓಡಿ ಬಂದ ಎತ್ತಿಗೆ ಕೂಡಲೇ ನೀರು ಕುಡಿಸುವುದಿಲ್ಲವಲ್ಲ, ಹಾಗೆ. ಕಂಪನಿ ಹೇಳಿದ ದರ್ಜೆಯ ಆಯಿಲ್ಲನ್ನೇ ಹಾಕಿಸಿ. ಟರ್ಬೋ ಪೆಟ್ರೋಲು ಉಳಿಸುತ್ತದೆ ಅನ್ನುವವರ ಮಾತನ್ನು ಅರ್ಧ ನಂಬಿ. ಮೆಲ್ಲಗೆ ಓಡಿಸಿದರೆ ಉಳಿಸುತ್ತದೆ, ಒತ್ತಿದರೆ ಕುಡಿಯುತ್ತದೆ.

ನಿಮ್ಮ ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಒಬ್ಬನೇ ಇದ್ದು, ಸ್ವಂತ ಸಂಬಳದಲ್ಲಿ ಓಟದ ಕಾರು ಕೊಳ್ಳುತ್ತೇನೆ ಅಂದರೆ ನಾನಂತೂ ಬೇಡ ಅನ್ನುವುದಿಲ್ಲ. ಕೊಳ್ಳಲಿ. ಒಂದು ನೋಟುಬುಕ್ಕು ಮಾತ್ರ ಕೊಡಿ.

ಜಾಮೀನು ಪತ್ರಕ್ಕೆ ಸಹಿ ಹಾಕಿದೆ. ಗಾಡಿಯ ಬಣ್ಣ ಅಳಿಯನ ಹೆಂಡತಿಗೆ ಹಿಡಿಸಿಲ್ಲ, ಮಕ್ಕಳಿಗೆ ಮೂರನೆಯ ಸಾಲು ಯಾವಾಗಲೂ ಮಡಚಿರುತ್ತದೆಂಬ ತಕರಾರು. ಕಂತು ಪ್ರತಿ ತಿಂಗಳ 10ಕ್ಕೆ. ಮೊದಲ ಕಂತು ಕಟ್ಟಿದ ಚೀಟಿ ತೋರಿಸಲು ಅವನು ಬಂದಾಗ ಹಿಂದೆ ಪೈಪಿನ ಸುರುಳಿಗಳಿದ್ದವು, ಮುಂದೆ ಅಕ್ಕ ಕೂತಿದ್ದಳು. ಇಳಿಯಲು ಹೇಳಿದರೆ, "ಬ್ಯಾಡ ತಮ್ಮಾ, ಲಾತೂರಿಗೆ ಹೊತ್ತಾಗ್ತದ" ಅಂದಳು.